ದಾರಿಗಿಂತ ಮೊದಲು ಹಳ್ಳ ನೋಡಿ

ಮಕ್ಕಳೇ, ನಿಮ್ಮ ಶಾಲೆಯ ಅಟ್ಲಾಸ್ ತೆಗೆದು ಕರ್ನಾಟಕದ ಪುಟದಲ್ಲಿ ನಿಮ್ಮ ಅಜ್ಜಿಯ ತವರೂರನ್ನು ಹುಡುಕಿ ನೋಡಿ. ತಾಲ್ಲೂಕು ಕೇಂದ್ರ ಸಿಕ್ಕರೆ ಪುಣ್ಯ. ಹೋಬಳಿ ಸಿಗುವುದು ಕಷ್ಟ. ಹಳ್ಳಿಯಂತೂ ಇಲ್ಲವೇ ಇಲ್ಲ. ಹಾಗೆಂದು ಅಜ್ಜಿ ಮುನಿಸಿಕೊಳ್ಳಬೇಕಾಗಿಲ್ಲ. ನಮ್ಮ ರಾಜ್ಯ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿಲೋಮೀಟರ್ ಉದ್ದ. ಅದನ್ನು 25 ಸೆಂಟಿಮೀಟರಿನ ಪುಟಕ್ಕೆ ಇಳಿಸಿದರೆ ಒಂದು ಸೆಂಟಿಮೀಟರಿಗೆ 30 ಕಿಲೋಮೀಟರ್ ಲೆಕ್ಕ. ಅಷ್ಟರೊಳಗೆ ಎಷ್ಟು ಹಳ್ಳಿ, ಎಷ್ಟು ಹೊಳೆ, ಎಷ್ಟು ದೇವಸ್ಥಾನ! ಒಂದು ಸಾಸಿವೆ ಕಾಳಿಟ್ಟರೆ ಅದರಡಿಯಲ್ಲಿ ನಾಲ್ಕಾರು ಊರು ಮುಚ್ಚಿಹೋಗುತ್ತವೆ.

ಈ ಲೆಕ್ಕ ನಮ್ಮ ಮನೆಯಲ್ಲಿ ಎದ್ದದ್ದು ದೊಡ್ಡ ಮೊಮ್ಮಗನ ದೆಸೆಯಿಂದ. ಅವನಿಗೂ ಅವನ ಇಬ್ಬರು ಗೆಳೆಯರಿಗೂ ಮೋಟರ್ ಸೈಕಲ್ಲಿನ ಹುಚ್ಚು. ಹೆದ್ದಾರಿ ಬೇಡವಂತೆ. ಮಳೆಗಾಲ ಮುಗಿದ ಮೇಲೆ ಸಾಗರದಿಂದ ಹೊರಟು, ಶರಾವತಿ ಹಿನ್ನೀರು ದಾಟಿ, ತುಮರಿ, ಕೋಗಾರು ಕಡೆಯ ಕಾಡುದಾರಿಗಳನ್ನು ಹಿಡಿದು, ಘಟ್ಟ ಇಳಿದು ಭಟ್ಕಳದಲ್ಲಿ ಸಮುದ್ರ ನೋಡಬೇಕಂತೆ. 'ಯಾವ ನಕ್ಷೆ ಇಟ್ಟುಕೊಳ್ಳಲಿ ಅಜ್ಜ?' ಎಂದು ಕೇಳಿದ. ಅವನ ಅಪ್ಪ 'ಮೊಬೈಲ್ ಇದೆಯಲ್ಲ' ಅಂದ. ಏಳನೇ ತರಗತಿಯ ಮೊಮ್ಮಗಳು ತನ್ನ ಅಟ್ಲಾಸ್ ತಂದಳು. ನಾನು ಬೀರುವಿನಿಂದ ನನ್ನ ಹಾಳೆಗಳ ಸುರುಳಿ ತೆಗೆದೆ. ಒಂದು ಭಾನುವಾರ ಪೂರ್ತಿ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ.

ಕಾರಿನವರಿಗೂ ಮೋಟರ್ ಸೈಕಲ್ಲಿನವರಿಗೂ ನಕ್ಷೆಯಿಂದ ಬೇಕಾಗುವುದು ಒಂದೇ ಅಲ್ಲ. ಕಾರಿನವನು ದಾರಿ ಇದೆಯೇ ಎಂದು ನೋಡುತ್ತಾನೆ. ಎರಡು ಚಕ್ರದ ಗಾಡಿಗೆ ದಾರಿ ಎಲ್ಲಾದರೂ ಇದ್ದೇ ಇರುತ್ತದೆ, ಗದ್ದೆಯ ಅಂಚಿನ ಮೇಲೂ ಹೋಗಬಹುದು. ದಾರಿ ಹೇಗಿದೆ ಎಂಬುದೇ ಅವನ ಚಿಂತೆ. ಮೋರಿ ಕೊಚ್ಚಿಹೋಗಿದ್ದರೆ ಚಕ್ರ ಇಳಿಸಬಹುದೇ, ಇಳಿಜಾರಿನಲ್ಲಿ ಕೆಮ್ಮಣ್ಣು ಜಾರುತ್ತದೆಯೇ, ಟ್ಯಾಂಕಿನ ಪೆಟ್ರೋಲ್ ಮುಂದಿನ ಬಂಕಿನವರೆಗೆ ಬರುತ್ತದೆಯೇ, ಕತ್ತಲಾಗುವುದರೊಳಗೆ ಘಟ್ಟ ಇಳಿಯಬಹುದೇ. ಮಲೆನಾಡಿನ ಕಾಡಿನಲ್ಲಿ ಸಂಜೆ ಆರೂವರೆ ಎಂದರೆ ಕಪ್ಪು ಕಂಬಳಿ ಹೊದಿಸಿದ ಹಾಗೆ. ಆ ಹೊತ್ತಿನಲ್ಲಿ ಹಳ್ಳದ ದಡದಲ್ಲಿ ನಿಂತು, ಮುಂದೆ ಹೋಗಲೂ ಹೆದರಿ, ಹಿಂದೆ ಹೋಗಲು ಪೆಟ್ರೋಲೂ ಇಲ್ಲದೆ ಇರುವ ಹುಡುಗರನ್ನು ನೆನೆದರೆ ಮನೆಯಲ್ಲಿ ಕೂತ ಅಜ್ಜಿಗೆ ತುತ್ತು ಇಳಿಯುವುದಿಲ್ಲ. ಆದ್ದರಿಂದ ಮೊಮ್ಮಗನಿಗೆ ನಾನು ಮೊದಲು ಹೇಳಿದ್ದು ಇಷ್ಟು: ದಾರಿ ತೋರಿಸುವ ನಕ್ಷೆಯನ್ನು ಆಮೇಲೆ ಹುಡುಕು, ನೀರು ಮತ್ತು ಏರಿಳಿತ ತೋರಿಸುವ ನಕ್ಷೆಯನ್ನು ಮೊದಲು ಹುಡುಕು.

ಪುಸ್ತಕದಂಗಡಿಯಲ್ಲಿ ಸಿಗುವ ರಾಜ್ಯದ ರಸ್ತೆ ನಕ್ಷೆಯನ್ನು ಬೇಡವೆನ್ನಬೇಕಾಗಿಲ್ಲ. ಯಾವ ಪಟ್ಟಣ ಯಾವುದರ ಪಕ್ಕ, ಎಲ್ಲಿ ಹೆದ್ದಾರಿ ಸೇರಬಹುದು ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ ಇಂಥ ನಕ್ಷೆಗಳು ಹೆಚ್ಚಾಗಿ ಹತ್ತು ಲಕ್ಷಕ್ಕೆ ಒಂದರ ಆಸುಪಾಸಿನ ಪ್ರಮಾಣದವು. ಅಂದರೆ ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್. ಆಗುಂಬೆ ಘಟ್ಟದ 14 ಹೇರ್‌ಪಿನ್ ತಿರುವುಗಳು ಅದರಲ್ಲಿ ಒಂದು ಸಣ್ಣ ಕೊಂಕು, ಅಷ್ಟೇ. ಹೊರಡುವ ಮುನ್ನ ಮನೆಯಲ್ಲಿ ನೋಡಲು ಒಳ್ಳೆಯದು. ಕಾಡಿನ ಕವಲಿನಲ್ಲಿ ನಿಂತಾಗ ಅದರಿಂದ ಬೀಸಣಿಗೆಯ ಉಪಯೋಗವೇ ಹೆಚ್ಚು.

ನನ್ನ ಸುರುಳಿಯಲ್ಲಿದ್ದದ್ದು ಟೊಪೊಶೀಟುಗಳು. ಸರ್ವೇ ಆಫ್ ಇಂಡಿಯಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳು. 1767ರಲ್ಲಿ ಆರಂಭವಾದ ಈ ಇಲಾಖೆಗೂ ನಮ್ಮ ನಾಡಿಗೂ ಹಳೆಯ ನಂಟು. ಟಿಪ್ಪು ಸುಲ್ತಾನನ ಕಾಲಾನಂತರ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿಸಿದ ಕಾಲಿನ್ ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ವಿಲಿಯಂ ಲ್ಯಾಂಬ್ಟನ್ ಎಂಬಾತ ಬೆಂಗಳೂರಿನ ಬಯಲಿನಲ್ಲಿ 1800ರಲ್ಲೇ ಸರಪಳಿ ಹಿಡಿದು ನೆಲ ಅಳೆದ. ಎರಡು ವರ್ಷ ಕಳೆದು ಮದ್ರಾಸಿನಲ್ಲಿ ಅವನು ಶುರು ಮಾಡಿದ ಅಳತೆಯ ಕೆಲಸವೇ ಮುಂದೆ ಹಿಮಾಲಯದವರೆಗೆ ಹೋಯಿತು. ಇಂದಿನ ಬೈಕಿನ ಹುಡುಗರು ಬಿಡಿಸಿ ಹಿಡಿಯುವ ಹಾಳೆಯ ಹಿಂದೆ ಅಷ್ಟು ಜನರ ಕಾಲು ಸವೆದಿದೆ.

ಟೊಪೊಶೀಟಿನ ಪ್ರಮಾಣ 1:50,000. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಒಂದು ಹಾಳೆಯಲ್ಲಿ ಉದ್ದಗಲ ಸುಮಾರು 27 ಕಿಲೋಮೀಟರಿನ ನೆಲ. ಅಲ್ಲಿ ಅಜ್ಜಿಯ ತವರೂರು ಇರುತ್ತದೆ. ಊರ ಕೆರೆ ಇರುತ್ತದೆ, ಗುಡಿ ಇರುತ್ತದೆ, ಅಂಚೆ ಕಚೇರಿಗೆ ಪಿ.ಒ. ಎಂದೂ ಪೊಲೀಸ್ ಠಾಣೆಗೆ ಪಿ.ಎಸ್. ಎಂದೂ ಬರೆದಿರುತ್ತದೆ. ಮೊಮ್ಮಗಳು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಅದರಲ್ಲೇ ಮುಳುಗಿದ್ದಳು.

ಹಾಳೆ ತರಿಸುವುದಕ್ಕೆ ಅದರ ಸಂಖ್ಯೆ ಗೊತ್ತಿರಬೇಕು. ಇದು ಲೆಡ್ಜರಿನ ಫೋಲಿಯೊ ಇದ್ದ ಹಾಗೆ, ನನಗೆ ಬಲು ಇಷ್ಟ. ದೇಶವನ್ನು ನಾಲ್ಕು ಡಿಗ್ರಿ ಉದ್ದಗಲದ ಚೌಕಗಳಾಗಿ ಭಾಗಿಸಿ ಸಂಖ್ಯೆ ಕೊಟ್ಟಿದ್ದಾರೆ. ಪ್ರತಿ ಚೌಕದಲ್ಲಿ ಎ ಯಿಂದ ಪಿ ವರೆಗೆ 16 ಮನೆ. ಪ್ರತಿ ಮನೆಯಲ್ಲಿ ಮತ್ತೆ 1ರಿಂದ 16ರವರೆಗೆ ಕೋಣೆ. ಒಂದು ಕೋಣೆ ಎಂದರೆ ಒಂದು ಹಾಳೆ. ನಮ್ಮ ಹುಡುಗರ ದಾರಿ 48ನೇ ಚೌಕದಲ್ಲಿ ಬರುತ್ತದೆ. ಸಾಗರ ಪೇಟೆ 48 ಎನ್ ಮನೆಯ ಪಶ್ಚಿಮದ ಅಂಚಿನಲ್ಲಿ, ಅಲ್ಲಿಂದ ಸ್ವಲ್ಪ ಆಚೆಗೆ 48 ಜೆ, ಭಟ್ಕಳ 48 ಕೆ ಮನೆಯ ಮೇಲಂಚಿನಲ್ಲಿ. ಮೂರು ಮನೆ ದಾಟಬೇಕು! ನಮಗೆ ಬೇಕಾದ ಊರು ಯಾವತ್ತೂ ಹಾಳೆಯ ಅಂಚಿಗೇ ಬರುವುದು ಏಕೋ ಕಾಣೆ. ಈಗಿನ ಹೊಸ ಸಾಲಿನ ಹಾಳೆಗಳಿಗೆ ಬೇರೆ ಸಂಖ್ಯಾಕ್ರಮ. ನಮ್ಮ ರಾಜ್ಯದ ಬಹುಭಾಗದ ಹಾಳೆಗಳು ಅದರಲ್ಲಿ ಡಿ43 ಎಂದು ಶುರುವಾಗುತ್ತವೆ, ಉತ್ತರದ ಜಿಲ್ಲೆಗಳವು ಇ43 ಎಂದು.

ಹಿಂದೆ ಈ ಹಾಳೆಗಳನ್ನು ಪಡೆಯುವುದು ಸುಲಭವಿರಲಿಲ್ಲ. ಗಡಿ ಮತ್ತು ಕರಾವಳಿ ಪ್ರದೇಶದವು ಸಾಮಾನ್ಯರ ಕೈಗೆ ಸಿಗುತ್ತಲೇ ಇರಲಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ರಕ್ಷಣಾ ಇಲಾಖೆಗೆ ಒಂದು ಸಾಲು, ನಮಗೆಲ್ಲ ಒಂದು ಸಾಲು ಎಂದು ಬೇರೆ ಮಾಡಿದರು. ಇಲಾಖೆಗೆ 250 ವರ್ಷ ತುಂಬಿದ 2017ರಲ್ಲಿ ಈ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳುವ ಏರ್ಪಾಡಾಯಿತು. ಆ ಜಾಲತಾಣಕ್ಕೆ ಇಟ್ಟ ಹೆಸರು 'ನಕ್ಷೆ'. ಕನ್ನಡದವರೇ ಇಟ್ಟ ಹಾಗಿದೆ ಎಂದು ಹಿಗ್ಗಬೇಡಿ, ಈ ಪದ ನಮಗೂ ಅವರಿಗೂ ಅರಬ್ಬಿಯಿಂದ ಬಂದದ್ದು. ಇಳಿಸಿಕೊಂಡದ್ದನ್ನು ದೊಡ್ಡ ಕಾಗದದ ಮೇಲೆ ಬಣ್ಣದಲ್ಲೇ ಮುದ್ರಿಸಿಕೊಳ್ಳಿ. ಕಪ್ಪು ಬಿಳುಪಿನ ಜೆರಾಕ್ಸ್ ಮಾಡಿಸಿ ನಾಲ್ಕು ಕಾಸು ಉಳಿಸಿದರೆ ನಕ್ಷೆಯ ಅರ್ಧ ಜೀವ ಹೋದ ಹಾಗೆ. ಏಕೆಂದರೆ ಮಾತನಾಡುವುದೆಲ್ಲ ಬಣ್ಣವೇ.

ಕೆಂಪು ಎಂದರೆ ರಸ್ತೆ. ಟಾರು, ಜಲ್ಲಿ ಹಾಕಿದ್ದಕ್ಕೆ ಜೋಡಿ ಗೆರೆ. ಬರಿಯ ಮಣ್ಣಿನದಾದರೆ ಆ ಜೋಡಿ ಗೆರೆ ತುಂಡು ತುಂಡಾಗುತ್ತದೆ. ಗಾಡಿ ಜಾಡು, ಕಾಲುದಾರಿ ಎಂದು ಇಳಿಯುತ್ತ ಹೋದಂತೆ ಜೋಡಿ ಒಂಟಿಯಾಗಿ, ಒಂಟಿ ಚುಕ್ಕಿಗಳಾಗುತ್ತದೆ. ಹಸಿರು ಕಾಡು, ಹಳದಿ ಸಾಗುವಳಿ ನೆಲ. ಇಷ್ಟು ಸುಲಭ. ಪರೀಕ್ಷೆಗೆ ಓದಿದವರು ಇಲ್ಲಿಗೇ ನಿಲ್ಲಿಸುತ್ತಾರೆ. ಗಾಡಿ ಹೊಡೆಯುವವನು ನೋಡಬೇಕಾದದ್ದು ನೀಲಿ ಮತ್ತು ಕಪ್ಪು. ವರ್ಷವಿಡೀ ನೀರಿರುವ ಹೊಳೆ ನೀಲಿ. ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಒಣಗುವ ಹಳ್ಳ ಕಪ್ಪು. ಈ ಕಪ್ಪು ಗೆರೆಗಳು ಕೂದಲೆಳೆಯಂತೆ ಸಣ್ಣಗಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ನೀಲಿ ಹೊಳೆಗೆ ಯಾರಾದರೂ ಸೇತುವೆ ಕಟ್ಟಿರುತ್ತಾರೆ. ಕಪ್ಪು ಹಳ್ಳಕ್ಕೆ ಯಾರು ಕಟ್ಟುತ್ತಾರೆ? ಬೇಸಿಗೆಯಲ್ಲಿ ಅದರ ಮರಳಿನ ಮೇಲೆ ಗಾಡಿ ಸಲೀಸಾಗಿ ದಾಟುತ್ತದೆ. ಆಷಾಢದಲ್ಲಿ ಅದೇ ಹಳ್ಳ ಎಮ್ಮೆಯನ್ನು ತೇಲಿಸಿಕೊಂಡು ಹೋಗುತ್ತದೆ. ಕೆಂಪು ಗೆರೆ ಕಪ್ಪು ಗೆರೆಯನ್ನು ಎಲ್ಲೆಲ್ಲಿ ಕತ್ತರಿಸುತ್ತದೋ ಅಲ್ಲೆಲ್ಲ ಪೆನ್ಸಿಲಿನಿಂದ ಸೊನ್ನೆ ಹಾಕು ಎಂದು ಮೊಮ್ಮಗಳಿಗೆ ಹೇಳಿದೆ. ಅಣ್ಣ ಆಸೆಪಟ್ಟಿದ್ದ ಒಂದು ಅಡ್ಡದಾರಿಯ ಮೇಲೆ ಒಂಬತ್ತು ಸೊನ್ನೆ ಬಿದ್ದವು. ಎರಡು ಕಿಲೋಮೀಟರ್ ಬಳಸಿ ಹೋಗುವ ಇನ್ನೊಂದು ದಾರಿಯಲ್ಲಿ ಎರಡೇ. ಅವನು ತಲೆ ಕೆರೆದುಕೊಂಡ.

ಇನ್ನು ಕಂದು ಗೆರೆಗಳು. ಪಠ್ಯದಲ್ಲಿ ಸಮೋನ್ನತಿ ರೇಖೆ ಎನ್ನುತ್ತಾರೆ. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ. ಈ ಹಾಳೆಗಳಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 20 ಮೀಟರ್ ಎತ್ತರ, ಅಂದರೆ ಆರು ಮಹಡಿಯ ಮನೆಯಷ್ಟು. ಗೆರೆಗಳು ದೂರ ದೂರ ಇದ್ದರೆ ಬಯಲು, ಒತ್ತಿಕೊಂಡಿದ್ದರೆ ಕಡಿದು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಐನೂರು ಮೀಟರಿಗೂ ಹೆಚ್ಚು ಇಳಿಯಬೇಕು. ಗೆರೆ ಎಣಿಸಿದರೆ ಇಪ್ಪತ್ತೈದು ದಾಟುತ್ತದೆ, ಅವೆಲ್ಲ ಕೆಲವೇ ಬೆರಳಗಲದಲ್ಲಿ ಇಕ್ಕಟ್ಟಾಗಿ ಕೂತಿರುತ್ತವೆ. ಬಾಚಿದ ಕೂದಲಿನ ಹಾಗೆ ಕಾಣುತ್ತದೆ ಎಂದಳು ಮೊಮ್ಮಗಳು. ರಸ್ತೆಯ ಕೆಂಪು ಗೆರೆ ಈ ಕಂದು ಗೆರೆಗಳ ಜೊತೆಜೊತೆಗೆ ಓಡುತ್ತಿದ್ದರೆ ಗುಡ್ಡದ ಸೊಂಟ ಹಿಡಿದು ಹೋಗುವ ಹದವಾದ ದಾರಿ. ಅಡ್ಡಡ್ಡ ಕತ್ತರಿಸುತ್ತ ಹೋದರೆ ಏರು ಅಥವಾ ಇಳಿಜಾರು. ಒಂಟಿ ಗೆರೆಯ ಗಾಡಿ ಜಾಡು ಒತ್ತಾದ ಕಂದು ಗೆರೆಗಳನ್ನು ನೇರವಾಗಿ ಕತ್ತರಿಸಿದ್ದು ಕಂಡರೆ, ಹೊರೆ ಹೇರಿದ ಮೋಟರ್ ಸೈಕಲ್ಲಿಗೆ ಅದು ದಾರಿಯೇ ಅಲ್ಲ ಎಂದು ತಿಳಿಯಬೇಕು.

ದೂರ ಅಳೆಯಲು ನಮ್ಮ ಕಾಲದ ಉಪಾಯ ಹೊಲಿಗೆಯ ದಾರ. ದಾರವನ್ನು ಒದ್ದೆ ಮಾಡಿ ರಸ್ತೆಯ ಅಂಕುಡೊಂಕಿನ ಮೇಲೆಯೇ ಕೂರಿಸುತ್ತ ಹೋಗಿ. ಆಮೇಲೆ ನೆಟ್ಟಗೆ ಎಳೆದು ಸ್ಕೇಲಿಗೆ ಹಿಡಿಯಿರಿ. ಬಂದ ಸೆಂಟಿಮೀಟರನ್ನು ಎರಡರಿಂದ ಭಾಗಿಸಿದರೆ ಕಿಲೋಮೀಟರ್. ನಾಲ್ಕನೇ ತರಗತಿಯ ಮಗುವೂ ಮಾಡಬಹುದು. ಘಟ್ಟದ ಭಾಗಕ್ಕೆ ಇದರ ಮೇಲೆ ಇನ್ನಷ್ಟು ಸೇರಿಸಿ, ಸಣ್ಣ ತಿರುವುಗಳಲ್ಲಿ ದಾರ ನಿಲ್ಲುವುದಿಲ್ಲ. ಹೊತ್ತಿನ ಲೆಕ್ಕ ನನ್ನದು ಜಿಪುಣ ಲೆಕ್ಕ: ಇಂಥ ದಾರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಮೀರಿ ಹಿಡಿಯಬಾರದು. ಮೊಮ್ಮಗ ನಲವತ್ತು ಅಂದ. ಇಪ್ಪತ್ತೈದಕ್ಕೆ ರಾಜಿಯಾಯಿತು.

ಬ್ಯಾಂಕಿನಲ್ಲಿ ಚೆಕ್ ಬಂದರೆ ಗುಮಾಸ್ತ ಮೊದಲು ನೋಡುವುದು ತಾರೀಖು. ಮೂರು ತಿಂಗಳು ಕಳೆದ ಚೆಕ್ ನಡೆಯುವುದಿಲ್ಲ. ನಕ್ಷೆಗೆ ಅಂಥ ಕಾನೂನಿಲ್ಲ, ಆದರೂ ತಾರೀಖು ನೋಡುವ ಅಭ್ಯಾಸ ಬೇಕು. ಟೊಪೊಶೀಟಿನ ಅಂಚಿನಲ್ಲಿ ಅಳತೆ ಮಾಡಿದ ವರ್ಷ ಬೇರೆ, ಮುದ್ರಿಸಿದ ವರ್ಷ ಬೇರೆ ಇರುತ್ತದೆ. ನಮಗೆ ಬೇಕಾದದ್ದು ಅಳತೆಯ ವರ್ಷ. 2000ದಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಂದ ಮೇಲೆ ಎಷ್ಟೋ ಗಾಡಿ ಜಾಡುಗಳು ಟಾರು ಕಂಡಿವೆ. ಅದಕ್ಕೂ ಹಿಂದಿನ ಹಾಳೆ ಅವನ್ನು ಇನ್ನೂ ಗಾಡಿ ಜಾಡೆಂದೇ ತೋರಿಸುತ್ತದೆ. ಗುಡ್ಡ ಮಾತ್ರ ಎಲ್ಲಿದ್ದದ್ದು ಅಲ್ಲೇ ಇರುತ್ತದೆ. ಅದಕ್ಕೇ ನಾನು ಹೇಳುವುದು, ಹಳೆಯ ಹಾಳೆಯಲ್ಲಿ ಗುಡ್ಡ ಮತ್ತು ಹಳ್ಳವನ್ನು ನಂಬಬಹುದು, ರಸ್ತೆಯನ್ನು ಹೊಸತರ ಜೊತೆ ತಾಳೆ ನೋಡಬೇಕು.

ಆದರೆ ನಮ್ಮ ಹುಡುಗರು ಹೊರಟ ಕಡೆ ಗುಡ್ಡ ಹಳ್ಳಗಳೂ ಎಲ್ಲಿದ್ದವು ಅಲ್ಲೇ ಉಳಿದಿಲ್ಲ. ಶರಾವತಿ ಕಣಿವೆಯ ಕಥೆ ಈ ಪತ್ರಿಕೆ ಓದುವ ಎಷ್ಟೋ ಅಜ್ಜ ಅಜ್ಜಿಯರಿಗೆ ನಕ್ಷೆಯ ಕಥೆಯಲ್ಲ, ಸ್ವಂತದ್ದು. ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಬಂತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ನೀರು ಏರಿ ಏರಿ ಗದ್ದೆ, ಅಡಿಕೆ ತೋಟ, ಮನೆ, ಗುಡಿ, ರಸ್ತೆ ಎಲ್ಲವನ್ನೂ ನುಂಗಿತು. ಹಳೆಯ ಅಣೆಕಟ್ಟೇ ಹೊಸದರ ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರ ಗೋಡೆ ಈಗಲೂ ತಲೆಯೆತ್ತುತ್ತದೆ. ಹಿನ್ನೀರಿನ ಆಚೆ ಉಳಿದ ಊರುಗಳಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಲಾಂಚೇ ದಾರಿಯಾಯಿತು. ಶಾಲೆಗೆ, ಸಂತೆಗೆ, ಹೆರಿಗೆಗೆ ಎಲ್ಲದಕ್ಕೂ ಲಾಂಚ್. ಹೊತ್ತು ಮೀರಿದರೆ ಬಹುದೂರ ಸುತ್ತಿಕೊಂಡು ಹೋಗಬೇಕು. ಆರು ದಶಕ ಕಳೆದು, 2025ರ ಜುಲೈಯಲ್ಲಿ, ಅದೇ ಜಾಗದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆ ತೆರೆಯಿತು.

ಈಗ ಮೂರು ನಕ್ಷೆ ಪಕ್ಕಪಕ್ಕ ಇಡಿ. 1964ಕ್ಕೆ ಹಿಂದಿನದರಲ್ಲಿ ಹೊಳೆ, ಹೊಳೆಯ ಎರಡೂ ಕಡೆ ಊರು, ಊರಿಂದ ಊರಿಗೆ ದಾರಿ. ಆಮೇಲಿನದರಲ್ಲಿ ಕೈ ಚಾಚಿದ ಬೆರಳುಗಳಂತೆ ಹಬ್ಬಿದ ನೀಲಿ, ನಡುವೆ ಲಾಂಚ್ ಹೋಗುವ ದಾರಿ. ಇವತ್ತಿನದರಲ್ಲಿ ಆ ನೀಲಿಯ ಮೇಲೆ ಸೇತುವೆ. ಮೂರರಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ, ಆಯಾ ಕಾಲಕ್ಕೆ ಆಯಾ ನಕ್ಷೆ ನಿಜ. ನಾನು ಕೌಂಟರಿನಲ್ಲಿ ಕೂರುತ್ತಿದ್ದ ಕಾಲದಲ್ಲಿ ಖಾತೆ ತೆರೆಯಲು ಬಂದ ಒಬ್ಬ ಹಿರಿಯರು 'ಸ್ವಂತ ಊರು' ಎಂಬ ಜಾಗದಲ್ಲಿ ಒಂದು ಹೆಸರು ಹೇಳಿದರು. ತಾಲ್ಲೂಕು ಯಾವುದು ಎಂದು ಕೇಳಿದೆ. 'ನೀರಿನ ತಾಲ್ಲೂಕು ಅಂತ ಬರ್ಕಳಿ' ಅಂದರು. ನಗಲಿಲ್ಲ, ಅವರೂ ನಗಲಿಲ್ಲ. ಮುಳುಗಡೆಯಾದ ಊರಿನವರು ಮನೆಯಲ್ಲಿದ್ದರೆ, ಮಕ್ಕಳೇ, ಆ ಊರಿನ ಹೆಸರು ಈಗಿನ ನಕ್ಷೆಯಲ್ಲಿ ಸಿಗುವುದಿಲ್ಲ. ಹಳೆಯದರಲ್ಲಿ ಸಿಗಬಹುದು. ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿಸಿದ್ದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಪ್ರಮಾಣ 1:2,50,000, ನಮ್ಮ ಟೊಪೊಶೀಟಿನಷ್ಟು ವಿವರವಿಲ್ಲ. ಆದರೂ ಲಿಂಗನಮಕ್ಕಿಗೆ ಹಿಂದಿನ ಕಾಲದ್ದು. ಬೈಕಿನ ಪ್ರಯಾಣಕ್ಕೆ ಅದರಿಂದ ಕಾಸಿನ ಉಪಯೋಗವಿಲ್ಲ. ಅಜ್ಜನ ಪಕ್ಕ ಕೂತು ದೊಡ್ಡದು ಮಾಡಿ ನೋಡಿ, ಅಷ್ಟೇ.

ಮೊಬೈಲಿನ ವಿಷಯಕ್ಕೆ ಬರೋಣ. ನನ್ನ ವಯಸ್ಸಿನವರು ಅದನ್ನು ಬೈಯುವುದು ವಾಡಿಕೆ. ನಾನು ಬೈಯುವುದಿಲ್ಲ. ಹೊಸ ಸೇತುವೆ ಮೊದಲು ಕಾಣುವುದು ಅದರಲ್ಲೇ, ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ಹೇಳುವುದೂ ಅದೇ. ಎಲ್ಲಕ್ಕಿಂತ ದೊಡ್ಡದು, ನೀವು ಈಗ ಎಲ್ಲಿದ್ದೀರಿ ಎಂಬ ಚುಕ್ಕಿ. ಕಾಗದ ಆ ಒಂದು ಕೆಲಸವನ್ನು ಮಾಡಲಾರದು. ಈ ಚುಕ್ಕಿಗೆ ಮೊಬೈಲ್ ಸಿಗ್ನಲ್ ಬೇಕೆಂದು ಬಹಳ ಜನ ತಿಳಿದಿದ್ದಾರೆ. ಬೇಡ. ಆಕಾಶದಲ್ಲಿ ಸುತ್ತುತ್ತಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸದ್ದು ಫೋನಿಗೆ ಕೇಳಿದರೆ ಸಾಕು, ಅದು ತನ್ನ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಸಿಗ್ನಲ್ ಬೇಕಾಗುವುದು ಚುಕ್ಕಿಯ ಹಿಂದಿನ ನಕ್ಷೆಯನ್ನು ತರಿಸಲು. ಕಾಡಿನಲ್ಲಿ ಅದಿಲ್ಲದಿದ್ದರೆ ಬೂದು ಬಣ್ಣದ ಬಯಲಿನಲ್ಲಿ ಒಂದು ನೀಲಿ ಚುಕ್ಕಿ ಮಾತ್ರ ಇರುತ್ತದೆ! ಅದಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಆ ಪ್ರದೇಶದ ನಕ್ಷೆಯನ್ನು ಪೂರ್ತಿ ಇಳಿಸಿಟ್ಟುಕೊಳ್ಳಬೇಕು. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬುದೊಂದಿದೆ. ಊರವರೇ ಸೇರಿ ಬರೆದ ನಕ್ಷೆ ಅದು, ಜಾತ್ರೆಯ ಸಾಮೂಹಿಕ ಅಡಿಗೆಯಂತೆ. ಆಸಕ್ತಿಯುಳ್ಳವರು ಇರುವ ಕಡೆ ಕಾಲುದಾರಿಯೂ ಬಿಟ್ಟಿರುವುದಿಲ್ಲ, ಇಲ್ಲದ ಕಡೆ ಖಾಲಿ. ಇದನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಮುಂತಾದವನ್ನು ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದೆಯೂ ನಡೆಯುತ್ತವೆ.

ನನಗೆ ಫೋನಿನ ನಕ್ಷೆಯ ಮೇಲೆ ಇರುವ ಆಕ್ಷೇಪಣೆ ಬೇರೆ. ಅದು ಹತ್ತಿರದ ದಾರಿಯನ್ನು ಹುಡುಕಿಕೊಡುತ್ತದೆ. ಆ ದಾರಿಯಲ್ಲಿ ಹೋಗಬಹುದೇ ಎಂಬುದನ್ನು ನಾವೇ ವಿಚಾರಿಸಬೇಕು. ಶರಾವತಿ ಕಣಿವೆಯ ಕಾಡು ಅಭಯಾರಣ್ಯ. ಅಲ್ಲಿನ ಒಂದು ಗೆರೆ ತೆರೆಯ ಮೇಲೆ ಕಂಡ ಮಾತ್ರಕ್ಕೆ ಅರಣ್ಯ ಇಲಾಖೆ ಬಾಗಿಲು ತೆರೆಯಬೇಕೆಂದಿಲ್ಲ. ಬಂಡೀಪುರದ ಹೆದ್ದಾರಿಯನ್ನೇ ನೋಡಿ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಯಾವ ಕಾಗದದ ನಕ್ಷೆಯಲ್ಲೂ ಗಡಿಯಾರ ಬರೆದಿರುವುದಿಲ್ಲ. ಇನ್ನೊಂದು, ಹೆಸರಿನ ತಕರಾರು. ಹೊಸಹಳ್ಳಿ ಎಂದು ಹುಡುಕಿದರೆ ನಮ್ಮ ರಾಜ್ಯದಲ್ಲಿ ಎಷ್ಟು ಹೊಸಹಳ್ಳಿ! ಸಾಲದ ಅರ್ಜಿಯಲ್ಲಿ ಬರೆಯುವ ಹಾಗೆ ಗ್ರಾಮ, ಹೋಬಳಿ, ತಾಲ್ಲೂಕು ಮೂರನ್ನೂ ನೋಡಿಯೇ ಗುರುತು ಹಾಕಬೇಕು.

ಮತ್ತೆ, ಫೋನು ನಾವು ತಿರುಗಿದ ಕಡೆ ನಕ್ಷೆಯನ್ನೇ ತಿರುಗಿಸುತ್ತದೆ. ಹಾಗಾಗಿ ಉತ್ತರ ಯಾವ ಕಡೆ ಎಂಬುದು ಹುಡುಗರಿಗೆ ಗೊತ್ತೇ ಇರುವುದಿಲ್ಲ. ನಮ್ಮ ಹಿರಿಯರು ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಬರೆಸುತ್ತಿದ್ದರು: ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಗೋಮಾಳ. ನಾಲ್ಕು ಸಾಲಿನಲ್ಲಿ ಒಂದು ನಕ್ಷೆ. ಮಕ್ಕಳೇ, ನಿಮ್ಮ ಮನೆಗೆ ಚಕ್ಕುಬಂದಿ ಬರೆದು ಅಜ್ಜನಿಗೆ ತೋರಿಸಿ. ತಪ್ಪಿದ್ದರೆ ಅವರು ಹೇಳುತ್ತಾರೆ. ಫೋನಿನ ನಕ್ಷೆಯಲ್ಲಿ ಉತ್ತರವನ್ನು ಮೇಲೆಯೇ ನಿಲ್ಲಿಸುವ ಏರ್ಪಾಡೂ ಇದೆ. ಮೊಮ್ಮಗನಿಗೆ ಅದನ್ನು ಮಾಡಿಸಿಕೊಟ್ಟವಳು ಅವನ ತಂಗಿ.

ಇಷ್ಟೆಲ್ಲ ನಕ್ಷೆ ಇದ್ದ ಮೇಲೂ ದಾರಿಯಲ್ಲಿ ಕೇಳಬೇಕಾಗುತ್ತದೆ. ಕೇಳುವುದಕ್ಕೂ ಒಂದು ಕ್ರಮವಿದೆ. 'ಈ ರಸ್ತೆ ಕೋಗಾರಿಗೆ ಹೋಗುತ್ತದಾ?' ಎಂದು ಕೇಳಬಾರದು. ಮಲೆನಾಡಿನವರು ಇಲ್ಲ ಎನ್ನುವುದಕ್ಕೆ ನಾಚಿಕೊಳ್ಳುತ್ತಾರೆ, 'ಹೋಗ್ತದೆ ಹೋಗ್ತದೆ' ಎಂದುಬಿಡುತ್ತಾರೆ. 'ಈ ರಸ್ತೆ ಎಲ್ಲಿಗೆ ಹೋಗ್ತದೆ?' ಎಂದು ಕೇಳಿ, ಊರಿನ ಹೆಸರು ಅವರ ಬಾಯಿಂದ ಬರಲಿ. ಎರಡನೆಯ ಪ್ರಶ್ನೆ, 'ಈಗ ಬಸ್ಸು ಓಡಾಡ್ತದಾ?' ಬಸ್ಸು ಓಡಾಡುತ್ತಿದ್ದರೆ ಸೇತುವೆ ಗಟ್ಟಿಯಿದೆ, ಮರ ಬಿದ್ದಿಲ್ಲ, ಗುಡ್ಡ ಜರಿದಿಲ್ಲ ಎಂದೆಲ್ಲ ಒಂದೇ ಉತ್ತರದಲ್ಲಿ ಬಂದಹಾಗೆ. ದೂರವನ್ನು ಮಾತ್ರ ಕೇಳಬೇಡಿ. ಹಿಂದೆ ಕೂಗಳತೆ, ಹರದಾರಿ ಎಂಬ ಲೆಕ್ಕವಿತ್ತು. ಕೂಗಿದರೆ ಕೇಳುವಷ್ಟು ದೂರ ಕೂಗಳತೆ, ಸುಮಾರು ಮೂರು ಮೈಲಿ ಒಂದು ಹರದಾರಿ. ಈಗ ಎಲ್ಲದಕ್ಕೂ 'ಇಲ್ಲೇ, ಹತ್ರ' ಎಂಬ ಒಂದೇ ಅಳತೆ. ಅದು ಅರ್ಧ ಕಿಲೋಮೀಟರಿನಿಂದ ಹದಿನೈದರವರೆಗೆ ಏನು ಬೇಕಾದರೂ ಆಗಬಹುದು.

ಕೊನೆಗೆ ಹುಡುಗರ ಚೀಲಕ್ಕೆ ಹೋದದ್ದು ಇವು. ದಾರಿಯ ಟೊಪೊಶೀಟುಗಳಲ್ಲಿ ನಮಗೆ ಬೇಕಾದ ಭಾಗ ಮಾತ್ರ ಕತ್ತರಿಸಿ, ಒಂದಕ್ಕೊಂದು ಅಂಟಿಸಿ, ಹಾರ್ಮೋನಿಯಂ ತಿದಿಯಂತೆ ಮಡಚಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲಕ್ಕೆ. ಮಡಿಕೆ ರಸ್ತೆಯ ಕವಲಿನ ಮೇಲೆ ಬರದಂತೆ ನೋಡಿಕೊಳ್ಳಬೇಕು, ಮಡಿಕೆಯಲ್ಲೇ ಕಾಗದ ಮೊದಲು ಸವೆಯುವುದು. ಅಂಚಿನಲ್ಲಿ ಪೆಟ್ರೋಲ್ ಲೆಕ್ಕ ಮತ್ತು ಮೊಮ್ಮಗಳ ಸೊನ್ನೆಗಳು. ಒಬ್ಬನ ಫೋನಿನಲ್ಲಲ್ಲ, ಮೂವರ ಫೋನಿನಲ್ಲೂ ಇಳಿಸಿಟ್ಟ ನಕ್ಷೆ. ಫೋನನ್ನು ಹ್ಯಾಂಡಲಿಗೆ ಬಿಗಿಯುವ ಬಗ್ಗೆ ಒಂದು ಮಾತು: ಎಂಜಿನ್ನಿನ ನಡುಕ ಫೋನಿನ ಕ್ಯಾಮೆರಾವನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಜೇಬಿನಲ್ಲಿರಲಿ. ನಕ್ಷೆ ನೋಡಬೇಕಾದಾಗ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ನೆರಳಿನಲ್ಲಿ ನಿಂತು ನೋಡಿ.

ಅಂಟಿಸಿದ ಹಾಳೆಯದೇ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡೆವು. ಹು‍ಡುಗರು ಯಾವ ಊರು ಎಷ್ಟು ಹೊತ್ತಿಗೆ ಮುಟ್ಟುತ್ತಾರೆ, ಎಲ್ಲೆಲ್ಲಿ ಸಿಗ್ನಲ್ ಸಿಕ್ಕಬಹುದು, ಅಲ್ಲಿಂದ ಫೋನ್ ಬರದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ಹೇಳಬೇಕು ಎಂದು ಮೊಮ್ಮಗಳು ಹಸಿರು ಪೆನ್ನಿನಲ್ಲಿ ಬರೆದಿದ್ದಾಳೆ. ಅದೀಗ ಅಡಿಗೆಮನೆಯ ಬಾಗಿಲಿಗೆ ಅಂಟಿದೆ. ನಮ್ಮ ಮನೆಯಾಕೆ ಕನ್ನಡಕ ಹಾಕಿಕೊಂಡು ಅದರ ಮುಂದೆ ನಿಂತು, ತನ್ನ ಸೋದರತ್ತೆಯ ಊರು ಎಲ್ಲಿ ಬರುತ್ತದೆ ಎಂದು ಇವತ್ತು ಬೆಳಿಗ್ಗೆಯೂ ಹುಡುಕುತ್ತಿದ್ದಳು.